ಸಪ್ತಾಪುರದ ಖಾನಾವಳಿ: ತೂಕ ಇಳಿಸಬೇಕೆನ್ನುವವರು ಇಲ್ಲಿ ಹೇಗೆ ಉಣ್ಣಬೇಕು

ಊಟಕ್ಕೆ 90 ರೂಪಾಯಿ. ತಾಟಿನಲ್ಲಿ ಎರಡು ಬಿಸಿ ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ಸೊಪ್ಪಿನ ಪಲ್ಯ ಅಥವಾ ಬದನೆಕಾಯಿ ಎಣ್ಣೆಗಾಯಿ, ಹಸಿ ತರಕಾರಿಯ ಪಚಡಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು, ಕೊನೆಗೆ ಒಂದು ಸೌಟು ಅನ್ನ ಮತ್ತು ಕಟ್ಟಿನ ಸಾರು. ತೂಕ ಇಳಿಸಬೇಕು, ಇಳಿದದ್ದನ್ನು ಉಳಿಸಿಕೊಳ್ಳಬೇಕು ಎಂದು ಡಬ್ಬಿಯ ಪುಡಿಗೂ ಪೆಟ್ಟಿಗೆಯ ಡಯಟ್ ಊಟಕ್ಕೂ ದುಡ್ಡು ಸುರಿಯುತ್ತಿರುವ ನನ್ನ ಸ್ನೇಹಿತೆಯರಿಗೆಲ್ಲ ಈಗ ನಾನು ಹೇಳುವುದು ಒಂದೇ ಮಾತು: ಇಂಥದೊಂದು ತಾಟಿನ ಮುಂದೆ ಕೆಲವು ತಿಂಗಳು ಕೂತು ನೋಡಿ. ಆದರೆ ಹೇಗೆ ಉಣ್ಣಬೇಕೆಂದು ತಿಳಿದುಕೊಂಡು ಕೂರಿ, ಏಕೆಂದರೆ ಇದೇ ತಾಟು ತೂಕ ಏರಿಸಲೂ ಬಲ್ಲದು.

ಧಾರವಾಡದ ಸಪ್ತಾಪುರ ಗೊತ್ತಿರುವವರಿಗೆ ಜಾಗ ಹೇಳುವುದು ಸುಲಭ. ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಸೆಂಟರು, ಝೆರಾಕ್ಸ್ ಅಂಗಡಿ, ಪಿಜಿಗಳ ಗದ್ದಲ ತೆಳುವಾಗಿ ಮನೆಗಳು ಶುರುವಾಗುವ ಕಡೆ ಒಂದು ಅಡ್ಡ ಓಣಿ. ಹಂಚಿನ ಮನೆಯ ಪಡಸಾಲೆಯೇ ಊಟದ ಕೋಣೆ. ಆರು ಟೇಬಲ್ಲು. ಗೋಡೆಗೆ ಬಸವಣ್ಣನವರ ಫೋಟೋ, ಅದರ ಕೆಳಗೆ ತಿಂಗಳ ಕಾರ್ಡಿನವರ ಹಾಜರಿ ಪುಸ್ತಕ. ಹೆಸರು ಬರೆಯುತ್ತಿಲ್ಲ. ನಡೆಸುವ ಅವ್ವಾರು ಬೇಡವೆಂದರು. "ಈಗ ಬರೂ ಮಂದಿಗೇ ಜಾಗಾ ಸಾಲವಲ್ದು, ಮತ್ತಷ್ಟು ಮಂದಿ ಕಳಸಬ್ಯಾಡ್ರಿ" ಎಂದು ಕೈ ಮುಗಿದರು. ಹಾಗಾಗಿ ಇದನ್ನು ಆ ಒಂದು ಖಾನಾವಳಿಯ ವಿಮರ್ಶೆ ಎಂದೂ ಓದಬಹುದು. ಹುಬ್ಬಳ್ಳಿ, ಗದಗ, ವಿಜಯಪುರ, ಬಾಗಲಕೋಟೆಯ ಓಣಿಗಳಲ್ಲಿ ಇದೇ ಕ್ರಮದಲ್ಲಿ ಬಡಿಸುವ ಖಾನಾವಳಿಗಳಿಗೆಲ್ಲ ಅನ್ವಯಿಸಿಕೊಂಡೂ ಓದಬಹುದು.

ನಾನು ಶಿವಮೊಗ್ಗ ಕಡೆಯವಳು. ಬೆಳಗಿಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಉಂಡು ಬೆಳೆದವಳು. ಬ್ಯಾಂಕಿನ ಕೆಲಸ, ಧಾರವಾಡಕ್ಕೆ ವರ್ಗ, ಮನೆಯವರೆಲ್ಲ ಅಲ್ಲೇ, ನಾನೊಬ್ಬಳೇ ಇಲ್ಲಿ. ಎತ್ತರ 156 ಸೆಂಟಿಮೀಟರ್, ಬಂದಾಗ ತೂಕ 71 ಕಿಲೋ, ಸೊಂಟದ ಸುತ್ತಳತೆ 94 ಸೆಂಟಿಮೀಟರ್. ನಮ್ಮಂಥ ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಅಳೆಯುವ ಅಂಕಿ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಹೆಂಗಸರ ಸೊಂಟ 80, ಗಂಡಸರದು 90 ಸೆಂಟಿಮೀಟರ್ ಮೀರಬಾರದು. ನನ್ನ ಬಿಎಂಐ 29 ದಾಟಿತ್ತು. ಮೊಣಕಾಲು ನೋಯುತ್ತಿತ್ತು, ಊಟಕ್ಕೆ ಮುಂಚಿನ ರಕ್ತದ ಸಕ್ಕರೆ ಗಡಿಯಲ್ಲಿ ನಿಂತಿತ್ತು. ಇಷ್ಟು ಹಿನ್ನೆಲೆ ಸಾಕು.

ಈ ಖಾನಾವಳಿಯ ದೊಡ್ಡ ಗುಣ ಅದು ಬಡಿಸುವ ಕ್ರಮದಲ್ಲಿದೆ. ಕೂತ ಕೂಡಲೇ ರೊಟ್ಟಿ ಬರುವುದಿಲ್ಲ. ಮೊದಲು ತಾಟು ಬರುತ್ತದೆ, ಅದರ ಒಂದು ಪಕ್ಕ ಪಚಡಿ. ಸಣ್ಣಗೆ ಹೆಚ್ಚಿದ ಸೌತೆಕಾಯಿ, ಗಜ್ಜರಿ, ಮೂಲಂಗಿ, ಹಸಿ ಮೆಂತ್ಯ ಸೊಪ್ಪು, ಮೇಲೆ ಚೂರು ಶೇಂಗಾ ಪುಡಿ, ನಿಂಬೆ. ಚಳಿಗಾಲದಲ್ಲಿ ಹಕ್ಕರಿಕೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲು ಹಸಿಯಾಗಿಯೇ ಸಿಗುತ್ತವೆ. ಆಮೇಲೆ ಎರಡು ಪಲ್ಯ, ಮೊಸರು. "ರೊಟ್ಟಿ ಬಡ್ಯಾಕತ್ತೀವ್ರಿ, ಅಷ್ಟರೊಳಗ ಪಚಡಿ ತಿನ್ರಿ" ಎನ್ನುತ್ತಾರೆ. ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿರುತ್ತದೆ. ಹಸಿದವರು ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾರೆ. ಇಲ್ಲಿ ಕೈಗೆ ಸಿಗುವುದು ಸೌತೆಕಾಯಿ, ಸೊಪ್ಪು, ಹೆಸರುಕಾಳು. ರೊಟ್ಟಿ ತಾಟಿಗೆ ಬೀಳುವ ಹೊತ್ತಿಗೆ ಹಸಿವಿನ ಮೊದಲ ಆವೇಗ ಅರ್ಧ ಇಳಿದಿರುತ್ತದೆ.

ಇದರ ಹಿಂದೆ ದೇಹದ ಲೆಕ್ಕವಿದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಕರುಳಿನ ಹಾರ್ಮೋನುಗಳ ಮೂಲಕ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಗಡಿಬಿಡಿಯಲ್ಲಿ ಹತ್ತು ನಿಮಿಷಕ್ಕೆ ಅನ್ನ ಸಾರು ಮುಗಿಸಿ ಏಳುವವರಿಗೆ ಆ ಸುದ್ದಿ ತಲುಪುವುದು ಕೈ ತೊಳೆದ ಮೇಲೆ. ತರಕಾರಿ, ಕಾಳು ಮೊದಲು ತಿಂದು ಧಾನ್ಯವನ್ನು ಆಮೇಲೆ ತಿಂದರೆ ಊಟದ ನಂತರ ರಕ್ತದ ಸಕ್ಕರೆ ಅಷ್ಟು ಎತ್ತರಕ್ಕೆ ಜಿಗಿಯುವುದಿಲ್ಲ ಎಂದು ಅಧ್ಯಯನಗಳೂ ಹೇಳುತ್ತವೆ. ಅವ್ವಾರಿಗೆ ಇದ್ಯಾವುದೂ ಬೇಕಿಲ್ಲ. ರೊಟ್ಟಿ ಬಿಸಿಯಾಗಿಯೇ ಮುಟ್ಟಬೇಕು ಎಂಬ ಒಂದು ಹಟ ಅವರದು. ಆ ಹಟ ನಮ್ಮ ಸೊಂಟಕ್ಕೆ ಒಳ್ಳೆಯದು ಮಾಡುತ್ತಿದೆ.

ಇನ್ನು ರೊಟ್ಟಿ. ಇಲ್ಲಿ ಬಳಸುವುದು ಹಿಂಗಾರಿನ ಬಿಳಿಜೋಳ. ಸುಗ್ಗಿ ಮುಗಿದು ಹೊಸ ಜೋಳ ಪೇಟೆಗೆ ಬಂದಾಗ ನವಲಗುಂದ, ಅಣ್ಣಿಗೇರಿ ಕಡೆಯಿಂದ ವರ್ಷಕ್ಕಾಗುವಷ್ಟು ಚೀಲ ತರಿಸಿ, ಬೇಕಾದಷ್ಟೇ ಆಗಾಗ ಬೀಸಿಸುತ್ತಾರೆ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಒಡೆಯುತ್ತದೆ. ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಜೋಳದಲ್ಲಿ ಇಲ್ಲದ ಕಾರಣ ಕುದಿಯುವ ಎಸರು ಹಾಕಿ ನಾದಬೇಕು, ಕೈಯಲ್ಲೇ ಬಡಿಯಬೇಕು, ಹಂಚಿನ ಮೇಲೆ ಹಾಕಿ ನೀರು ಸವರಬೇಕು, ಕೊನೆಗೆ ಬೆಂಕಿಗೆ ಹಿಡಿದು ಉಬ್ಬಿಸಬೇಕು. ಈ ಇಡೀ ಕೆಲಸದಲ್ಲಿ ಒಂದು ಹನಿ ಎಣ್ಣೆಯಿಲ್ಲ. ಊಟದ ಮುಖ್ಯ ಭಾಗ ಎಣ್ಣೆಯಿಲ್ಲದೆ ಬರುವುದು ಸಣ್ಣ ಮಾತಲ್ಲ. ಹೋಟೆಲಿನ ಪರೋಟ, ಪೂರಿ, ಎಣ್ಣೆ ಸವರಿದ ಚಪಾತಿಯ ಪಕ್ಕ ಇಟ್ಟು ನೋಡಿ.

ಇಲ್ಲೊಂದು ನಂಬಿಕೆಯನ್ನು ಬಿಡಿಸಿ ಹೇಳಲೇಬೇಕು. "ಜೋಳದ ರೊಟ್ಟಿ ತಿಂದರೆ ತೆಳ್ಳಗಾಗುತ್ತಾರೆ" ಎಂದು ನಮ್ಮ ಕಡೆಯವರು ಬಹಳ ಹೇಳುತ್ತಾರೆ. ಸಿರಿಧಾನ್ಯದ ಬಗ್ಗೆಯೂ ಇದೇ ಮಾತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲಂತೂ ಪ್ಯಾಕೆಟ್ಟಿನ ಮೇಲೆ ಆ ಹೆಸರಿದ್ದರೆ ಎಷ್ಟು ತಿಂದರೂ ನಡೆಯುತ್ತದೆ ಎಂಬ ಧೈರ್ಯ ಬಂದುಬಿಟ್ಟಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕ ತೆರೆದರೆ, 100 ಗ್ರಾಂ ಜೋಳದಲ್ಲಿ ಸುಮಾರು 334 ಕಿಲೋ ಕ್ಯಾಲೊರಿ, ರಾಗಿಯಲ್ಲಿ 321, ಪಾಲಿಶ್ ಮಾಡಿದ ಅಕ್ಕಿಯಲ್ಲಿ 356. ಶಕ್ತಿಯ ಲೆಕ್ಕದಲ್ಲಿ ಜೋಳಕ್ಕೂ ಅಕ್ಕಿಗೂ ಇರುವ ಅಂತರ ನೂರಕ್ಕೆ ಆರೇಳು ಪಾಲು, ಅಷ್ಟೇ. ಅವ್ವಾರ ಪ್ರಕಾರ ಒಂದು ಕಿಲೋ ಹಿಟ್ಟಿಗೆ ಹದಿನಾರು, ಹದಿನೇಳು ರೊಟ್ಟಿ ಆಗುತ್ತವೆ. ಅಂದರೆ ರೊಟ್ಟಿಗೆ ಸುಮಾರು 60 ಗ್ರಾಂ ಹಿಟ್ಟು, 200 ಕಿಲೋ ಕ್ಯಾಲೊರಿ. ನಾಲ್ಕು ರೊಟ್ಟಿ ಉಂಡವರು 225 ಗ್ರಾಂ ಅಕ್ಕಿಯ ಅನ್ನ ಉಂಡಷ್ಟೇ ಶಕ್ತಿ ಒಳಗೆ ಹಾಕಿಕೊಂಡಿರುತ್ತಾರೆ.

ವ್ಯತ್ಯಾಸ ಇರುವುದು ನಾರಿನಲ್ಲಿ. ಜೋಳದಲ್ಲಿ 100 ಗ್ರಾಮಿಗೆ ಹತ್ತು ಗ್ರಾಮಿನಷ್ಟು ನಾರು, ಬಿಳಿ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ಜೊತೆಗೆ ರೊಟ್ಟಿಯನ್ನು ಅಗಿಯಲೇಬೇಕು. ಸಾರು ಕಲಸಿದ ಅನ್ನ ಹಾಗೇ ಇಳಿದುಹೋಗುತ್ತದೆ, ರೊಟ್ಟಿ ಇಳಿಯುವುದಿಲ್ಲ. ಇನ್ನೊಂದನ್ನು ನಾನು ಮನಸ್ಸಿಟ್ಟು ಗಮನಿಸಿದ್ದೇನೆ: ರೊಟ್ಟಿ ಎಣಿಕೆಗೆ ಸಿಗುತ್ತದೆ. ಎರಡು ತಿಂದೆನೋ ಮೂರು ತಿಂದೆನೋ ಎಂದು ಯಾರಿಗೂ ಮರೆಯುವುದಿಲ್ಲ. ಅನ್ನವನ್ನು ಯಾರು ಎಣಿಸಿಯಾರು? ಬಡಿಸುವವರ ಕೈ ಎಷ್ಟು ದೊಡ್ಡದೋ ಅಷ್ಟು. ಇನ್ನೊಂದು ರೊಟ್ಟಿ ಬೇಕಾದರೆ ಇಲ್ಲಿ 12 ರೂಪಾಯಿ, ಬಾಯಿಬಿಟ್ಟು ಕೇಳಬೇಕು. ಕೇಳುವುದಕ್ಕೆ ಮುಂಚೆ ಒಂದು ಕ್ಷಣ ಯೋಚನೆ ಬರುತ್ತದೆ. ಹೊಟ್ಟೆತುಂಬ ಬಡಿಸುವ ಅನ್‌ಲಿಮಿಟೆಡ್ ಖಾನಾವಳಿಗಳು ಇದೇ ಊರಲ್ಲಿ ಬೇಕಾದಷ್ಟಿವೆ. ತೂಕದ ಚಿಂತೆ ಇರುವವರು ದಯವಿಟ್ಟು ಅಲ್ಲಿಗೆ ಹೋಗಬೇಡಿ. ತಾಟಿಗಿಷ್ಟು ಎಂದು ಲೆಕ್ಕವಿರುವ ಕಡೆ ಹೋಗಿ.

ನಾಲ್ಕು ರೊಟ್ಟಿ ಉಂಡೂ ತೆಳ್ಳಗಿದ್ದ ಅಜ್ಜಂದಿರ ಕಥೆಯನ್ನು ನನ್ನ ಸಹೋದ್ಯೋಗಿಗಳು ಹೇಳುತ್ತಲೇ ಇರುತ್ತಾರೆ. ಸುಳ್ಳೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಅಂದಾಜಿನಂತೆ, 55 ಕಿಲೋ ತೂಕದ ಹೆಂಗಸು ಕೂತು ಮಾಡುವ ಕೆಲಸದಲ್ಲಿದ್ದರೆ ದಿನಕ್ಕೆ 1,660 ಕಿಲೋ ಕ್ಯಾಲೊರಿ ಸಾಕು. ಅದೇ ಹೆಂಗಸು ಮೈಮುರಿದು ದುಡಿಯುವವಳಾದರೆ 2,720 ಬೇಕು. ನಡುವಿನ ಅಂತರ ಸಾವಿರಕ್ಕೂ ಹೆಚ್ಚು, ಅಂದರೆ ಐದು ರೊಟ್ಟಿ. ಎರಿಹೊಲದಲ್ಲಿ ದಿನವಿಡೀ ಕಳೆ ತೆಗೆದವಳ ಬುತ್ತಿಯ ಐದು ರೊಟ್ಟಿಯನ್ನು ಕ್ಯಾಶ್ ಕೌಂಟರಿನ ಹಿಂದೆ ಕೂತ ನಾನು ಉಂಡರೆ ಅದು ಹೋಗುವುದು ಎಲ್ಲಿಗೆ? ಊಟ ಅದೇ ಇದೆ, ಬದುಕು ಬದಲಾಗಿದೆ. ನನ್ನ ಪಾಲಿಗೆ ಎರಡು ರೊಟ್ಟಿ ಎಂಬ ಲೆಕ್ಕ ಅಲ್ಲಿಂದ ಬಂದದ್ದು.

ಕಾಳುಪಲ್ಯಕ್ಕೆ ಪೂರ್ತಿ ಅಂಕ. ಹೆಸರುಕಾಳು, ಮಡಿಕೆಕಾಳು, ಅಲಸಂದಿ, ಕಡಲೆ ಸರದಿಯಲ್ಲಿ ಬರುತ್ತವೆ, ಬಹುಪಾಲು ಮೊಳಕೆ ಕಟ್ಟಿದ್ದು. ಬಟ್ಟಲು ಸಣ್ಣದಲ್ಲ, ಮತ್ತೊಮ್ಮೆ ಕೇಳಿದರೆ ಮೋರೆ ಸಣ್ಣ ಮಾಡದೆ ಹಾಕುತ್ತಾರೆ, ಅದಕ್ಕೆ ದುಡ್ಡಿಲ್ಲ. ತೂಕ ಇಳಿಸುವಾಗ ಪ್ರೋಟೀನು ಕಡಿಮೆಯಾದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಹಸಿವೂ ಬೇಗ ಮರಳುತ್ತದೆ. ಸಸ್ಯಾಹಾರಿ ಊಟಗಳಲ್ಲಿ ಸೋರಿಹೋಗುವುದು ಇದೇ. ಸಾರಿನಲ್ಲಿ ತೇಲುವ ನಾಲ್ಕು ಬೇಳೆಯನ್ನು ಪ್ರೋಟೀನು ಎಂದು ಎಣಿಸುತ್ತಾ ಬಂದಿದ್ದೇವೆ. ಜೋಳದ ಪ್ರೋಟೀನಿನಲ್ಲಿ ದೇಹಕ್ಕೆ ಬೇಕಾದ ಲೈಸಿನ್ ಎಂಬ ಅಂಶ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿ ಮತ್ತು ಕಾಳು ಒಂದೇ ತುತ್ತಿನಲ್ಲಿ ಹೋದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಲ್ಲಿ ಉಂಡ ದಿನ ನನಗೆ ಸಂಜೆ ಐದಕ್ಕೆ ಹಸಿವಾಗುವುದಿಲ್ಲ. ಬ್ಯಾಂಕಿನಲ್ಲಿ ಆ ಹೊತ್ತಿಗೆ ಚಹಾದ ಜೊತೆ ಬರುವ ಬಿಸ್ಕಿಟು, ಮಿರ್ಚಿ ಭಜಿ, ಗಿರ್ಮಿಟ್ಟಿನ ಕಡೆಗೆ ಕೈ ಹೋಗುವುದು ನಿಂತದ್ದು ಹೀಗೆ. ನನ್ನ ತೂಕದ ವಿಷಯದಲ್ಲಿ ಅತಿ ದೊಡ್ಡ ಬದಲಾವಣೆ ಎಲ್ಲಾಯಿತು ಎಂದು ಕೇಳಿದರೆ, ಆ ಐದು ಗಂಟೆಯಲ್ಲಿ ಎಂದೇ ಹೇಳುತ್ತೇನೆ.

ಈಗ ಎಣ್ಣೆ. ಈ ಖಾನಾವಳಿಗೆ ನಾನು ಪೂರ್ತಿ ಅಂಕ ಕೊಡದಿರುವುದು ಇದೊಂದೇ ಕಾರಣಕ್ಕೆ.

ಎಣ್ಣೆಗಾಯಿ ಅದ್ಭುತವಾಗಿರುತ್ತದೆ. ಮುಳ್ಳುಬದನೆಕಾಯಿ ಸೀಳಿ, ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಮಸಾಲೆ ತುಂಬಿ, ಎಣ್ಣೆ ಬಿಡುವವರೆಗೆ ಬೇಯಿಸಿದ್ದು. ಆದರೆ ಬಟ್ಟಲಿನ ಅಂಚಿನಲ್ಲಿ ಕೆಂಪು ಎಣ್ಣೆಯ ಉಂಗುರ ನಿಂತಿರುತ್ತದೆ. ಒಮ್ಮೆ ಅವ್ವಾರನ್ನು ಕೇಳಿದೆ, ಎಣ್ಣೆ ಎಷ್ಟು ಬೇಕಾಗುತ್ತದೆ ಎಂದು. 15 ಕಿಲೋ ಡಬ್ಬಿ ಐದು ದಿನಕ್ಕೆ ಬರುತ್ತದಂತೆ, ದಿನಕ್ಕೆ ಎರಡೂ ಹೊತ್ತು ಸೇರಿ 120 ಊಟ. ಭಾಗಿಸಿದರೆ ಊಟಕ್ಕೆ 25 ಗ್ರಾಂ. ಎಣ್ಣೆಯ ಪ್ರತಿ ಗ್ರಾಮಿಗೆ 9 ಕಿಲೋ ಕ್ಯಾಲೊರಿ, ಧಾನ್ಯದ ಪಿಷ್ಟಕ್ಕೆ 4. ಆ 25 ಗ್ರಾಂ ಎಂದರೆ 225, ಒಂದು ರೊಟ್ಟಿಗಿಂತ ಹೆಚ್ಚು, ಅದೂ ಹೊಟ್ಟೆಯಲ್ಲಿ ಜಾಗ ಹಿಡಿಯದೆ. 2024ರಲ್ಲಿ ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯ ದಿನದ ತಟ್ಟೆಯಲ್ಲಿ, 2,000 ಕಿಲೋ ಕ್ಯಾಲೊರಿ ಲೆಕ್ಕಕ್ಕೆ, ಎಣ್ಣೆ ತುಪ್ಪ ಎಲ್ಲ ಸೇರಿ ಇಡೀ ದಿನಕ್ಕೆ 27 ಗ್ರಾಂ. ಇಲ್ಲಿ ಒಂದೇ ಹೊತ್ತಿಗೆ ಅದು ಮುಗಿದುಹೋಗುತ್ತದೆ.

ಅದೇ ಮಾರ್ಗಸೂಚಿಯ ಉಳಿದ ಲೆಕ್ಕದ ಜೊತೆ ಹೋಲಿಸಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ ಸೊಪ್ಪು 400, ಹಣ್ಣು 100, ಹಾಲು ಮೊಸರು 300 ಮಿಲಿಲೀಟರ್, ಬೀಜಗಳು 35 ಗ್ರಾಂ. ತಟ್ಟೆಯ ಅರ್ಧ ತರಕಾರಿ ಮತ್ತು ಹಣ್ಣು ಇರಬೇಕು, ಧಾನ್ಯದಿಂದ ಬರುವ ಶಕ್ತಿ ಶೇ 45 ಮೀರಬಾರದು ಎಂಬುದು ಅದರ ಸಾರ. ಅವ್ವಾರ ತಾಟು ಹಣ್ಣೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಅದರ ಹತ್ತಿರ ಬರುತ್ತದೆ. ನಮ್ಮ ಮನೆಯ ಹಳೆಯ ತಟ್ಟೆಯಲ್ಲಿ ಮುಕ್ಕಾಲು ಭಾಗ ಅನ್ನವೇ ಇರುತ್ತಿತ್ತು, ಪಲ್ಯ ಎಂಬುದು ನಂಜಿಕೊಳ್ಳಲು ಮಾತ್ರ.

ಎಣ್ಣೆಯ ವಿಷಯವನ್ನು ಅವರ ಮುಂದೆ ಇಟ್ಟೆ. ಬೇಸರ ಮಾಡಿಕೊಳ್ಳಲಿಲ್ಲ. "ಎಣ್ಣಿ ಇಲ್ದಿದ್ರ ಹುಡುಗೂರು ಉಣ್ಣಂಗಿಲ್ರಿ" ಎಂದರು, ಅದೂ ನಿಜ. ಓದುವ ಹುಡುಗರಿಗೆ ರುಚಿ ಬೇಕು, ಅವರ ವಯಸ್ಸಿಗೆ ಅದು ನಡೆಯುತ್ತದೆ ಕೂಡ. ಆದರೆ ಮರುವಾರದಿಂದ ಕಾಳುಪಲ್ಯದ ಕೊನೆಯ ಒಗ್ಗರಣೆ ಸುರಿಯುವ ಮುಂಚೆ ಒಂದು ಪಾತ್ರೆಯಲ್ಲಿ ತೆಗೆದಿಡಲು ಶುರುಮಾಡಿದರು. "ನಿಮಗಂತ ತಗದಿಟ್ಟೀನ್ರಿ, ಸಪ್ಪಗದ, ಉಪ್ಪಿನಕಾಯಿ ಹಚ್ಚಿಕೊಳ್ರಿ." ಈಗ ಆ ಪಾತ್ರೆಗೆ ನನ್ನ ಹಾಗೆ ಇನ್ನೂ ಕೆಲವು ಗಿರಾಕಿಗಳಿದ್ದಾರೆ: ಒಬ್ಬ ನಿವೃತ್ತ ಪ್ರಾಧ್ಯಾಪಕರು, ಹೃದಯದ ತೊಂದರೆ ಇರುವ ಒಬ್ಬ ಗುತ್ತಿಗೆದಾರರು. ಹೋದವರು ಕೇಳಿ, ಕೇಳಿದರೆ ಮಾತ್ರ ಸಿಗುತ್ತದೆ. ಎಣ್ಣೆಗಾಯಿ ಬೇಕೇಬೇಕೆನಿಸಿದ ದಿನ ಒಂದು ಕಾಯಿ ಹಾಕಿಸಿಕೊಂಡು ಮೇಲಿನ ಎಣ್ಣೆ ಬೇಡವೆನ್ನಿ.

ಶೇಂಗಾ ಹಿಂಡಿಯ ಬಗ್ಗೆಯೂ ಎಚ್ಚರಿಕೆ ಬೇಕು. ಶೇಂಗಾ ಒಳ್ಳೆಯದೇ, ಆದರೆ 100 ಗ್ರಾಮಿಗೆ 500 ಕಿಲೋ ಕ್ಯಾಲೊರಿಗೂ ಹೆಚ್ಚು. ಒಂದು ಚಮಚ ಹಿಂಡಿಗೆ ಗಟ್ಟಿ ಮೊಸರು ಕಲಸಿಕೊಂಡರೆ ರೊಟ್ಟಿಗೆ ಸಾಕಾಗುತ್ತದೆ. ಹಿಂಡಿಗೆ ಎಣ್ಣೆ ಸುರಿದು ಕಲಸಿಕೊಳ್ಳುವ ಪದ್ಧತಿ ಇದೆ, ಎಣ್ಣೆಯ ಸಣ್ಣ ಬಾಟಲಿ ಟೇಬಲ್ಲಿನ ಮೇಲೇ ಇರುತ್ತದೆ. ಅದನ್ನು ಮುಟ್ಟಬೇಡಿ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇದ್ದ ದಿನ ಅದನ್ನು ಕೇಳಿ. ಮೊಸರು ಎಮ್ಮೆಯದು, ಕೆನೆಯೊಂದಿಗೆ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ, ಒಂದು ಸಣ್ಣ ಬಟ್ಟಲು ಸಾಕು. ಉಪ್ಪು ಒಟ್ಟಾರೆ ಹೆಚ್ಚು. ದಿನಕ್ಕೆ 5 ಗ್ರಾಂ ಎಂಬ ಮಿತಿ ಹಿಂಡಿ, ಉಪ್ಪಿನಕಾಯಿ, ಕರಿದ ಮೆಣಸಿನಕಾಯಿ ಸೇರಿದರೆ ಎಲ್ಲೋ ಹೋಗಿರುತ್ತದೆ. ರಕ್ತದೊತ್ತಡ ಇರುವವರು ಉಪ್ಪಿನಕಾಯಿ ಬಿಟ್ಟುಬಿಡಲಿ.

ಕೊನೆಗೆ ಅನ್ನ ಬರುತ್ತದೆ. ನನ್ನಂಥ ಅನ್ನದ ಸೀಮೆಯವಳಿಗೆ ಪರೀಕ್ಷೆ ಇರುವುದು ಇಲ್ಲಿ. ಕಟ್ಟಿನ ಸಾರಿನ ಪರಿಮಳ ಬಂದ ಮೇಲೆ ಬೇಡವೆನ್ನುವುದು ಕಷ್ಟ. ಎರಡು ರೊಟ್ಟಿ 400 ಕಿಲೋ ಕ್ಯಾಲೊರಿ, ಕಾಳು 100, ಸೊಪ್ಪು ಪಚಡಿ ಸೇರಿ 60, ಮೊಸರು ಹಿಂಡಿ ಸೇರಿ 125, ಎಣ್ಣೆ 225: ಅನ್ನ ಮುಟ್ಟುವ ಮೊದಲೇ 900 ಹತ್ತಿರ ಆಗಿರುತ್ತದೆ. ಒಂದು ಸೌಟು ಅನ್ನ ಇನ್ನೊಂದು 175. ನಾನು ಅನ್ನ ಬಿಟ್ಟು ಸಾರನ್ನು ಲೋಟದಲ್ಲಿ ಕೇಳಿ ಕುಡಿಯುತ್ತೇನೆ. ಮೊದಲ ಸಲ ಬಡಿಸುವ ಹುಡುಗನಿಗೆ ವಿಚಿತ್ರ ಅನ್ನಿಸಿತು, ಈಗ ತಾನಾಗಿಯೇ ಲೋಟ ತರುತ್ತಾನೆ. ಒಗ್ಗರಣೆ ಕಡಿಮೆಯಿರುವ ಪಲ್ಯ, ಅನ್ನವಿಲ್ಲದ ಊಟ ಸೇರಿದರೆ ನನ್ನ ಮಧ್ಯಾಹ್ನ 800ರ ಒಳಗೆ ಮುಗಿಯುತ್ತದೆ. ಬೆಳಿಗ್ಗೆ ಸಣ್ಣ ತಿಂಡಿ, ರಾತ್ರಿ ಮನೆಯಲ್ಲಿ ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಜೊತೆಗೆ ಬೇಯಿಸಿದ ತರಕಾರಿ ಮತ್ತು ಒಂದು ಮೊಟ್ಟೆ. ಹಣ್ಣು ಇಲ್ಲಿ ಸಿಗದ ಕಾರಣ ಬರುವಾಗ ಧಾರವಾಡದ ಪೇರಲ ಕೊಂಡುಕೊಳ್ಳುತ್ತೇನೆ. ಬೀಜ ಗಟ್ಟಿ, ರುಚಿ ಅಪಾರ, ಜ್ಯೂಸಿನ ಅಂಗಡಿಯ ಕಡೆ ನೋಡುವ ಅಗತ್ಯವೇ ಬರುವುದಿಲ್ಲ.

ಈ ಖಾನಾವಳಿಯಲ್ಲಿ ಬೇಡವೆಂದರೆ ಬೇಡವೇ. ಎಷ್ಟೋ ಕಡೆ, ಎಷ್ಟೋ ಮನೆಗಳಲ್ಲಿ, ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದ ಮೇಲೂ ಬೆರಳ ಸಂದಿಯಿಂದ ಬಡಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ತೂಕ ಇಳಿಸಬೇಕಾದವರಿಗೆ ಅದರಿಂದ ಆಗುವ ಕಷ್ಟ ಅಷ್ಟಿಷ್ಟಲ್ಲ. ಇಲ್ಲಿ "ಸಾಕ್ರಿ" ಎಂದರೆ "ಆತು ಬಿಡ್ರಿ" ಎಂದು ಮುಂದಿನ ಟೇಬಲ್ಲಿಗೆ ಹೋಗುತ್ತಾರೆ. ಉಣ್ಣುವವರ ಹೊಟ್ಟೆಯ ಮಾತಿಗೆ ಇಷ್ಟು ಗೌರವ ಕೊಡುವ ಕಡೆ ಊಟ ಮಾಡುವುದು ನೆಮ್ಮದಿ.

ಬೆಂಗಳೂರಿನಲ್ಲಿದ್ದಾಗ ಒಂದು ಕಂಪನಿಯ ಡಯಟ್ ಊಟದ ಪೆಟ್ಟಿಗೆ ತರಿಸುತ್ತಿದ್ದೆ. ಒಂದು ಪೆಟ್ಟಿಗೆಗೆ ಇಲ್ಲಿನ ಮೂರು ಊಟದ ದುಡ್ಡು. ಮುಚ್ಚಳದ ಮೇಲೆ ಕ್ಯಾಲೊರಿ ಅಚ್ಚಾಗಿ ಬರುತ್ತಿತ್ತು, ಒಳಗೆ ಕಿನೋವಾ, ಬ್ರೊಕೋಲಿ, ಒಂದಿಷ್ಟು ಪನೀರು. ತಣ್ಣಗಿನ ಊಟ. ತೂಕ ಸ್ವಲ್ಪ ಇಳಿಯಿತು, ನಿಜ. ಆದರೆ ಪೆಟ್ಟಿಗೆ ನಿಲ್ಲಿಸಿದ ಮೇಲೆ ಏನು ಉಣ್ಣಬೇಕು ಎಂಬುದನ್ನು ಅದು ಕಲಿಸಲಿಲ್ಲ. ಮದುವೆ ಮನೆಯಲ್ಲಿ, ಊರ ಜಾತ್ರೆಯಲ್ಲಿ, ತವರಿನ ಅಡುಗೆಮನೆಯಲ್ಲಿ ಆ ಪೆಟ್ಟಿಗೆಯ ಪಾಠ ಉಪಯೋಗಕ್ಕೆ ಬರುವುದಿಲ್ಲ. ಖಾನಾವಳಿಯ ತಾಟಿನ ಕ್ರಮ ಬರುತ್ತದೆ. ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಅಡುಗೆಯನ್ನೇ ಹೀಗೆ ಉಂಡೆ: ಮೊದಲು ಕೋಸಂಬರಿ, ಪಲ್ಯ, ಆಮೇಲೆ ಹುಳಿಯ ತಳದ ಬೇಳೆ ತರಕಾರಿ, ಕೊನೆಗೆ ಸ್ವಲ್ಪ ಅನ್ನ. ಅಮ್ಮನಿಗೆ ನಾನು ಡಯಟ್ ಮಾಡುತ್ತಿರುವುದು ಗೊತ್ತೇ ಆಗಲಿಲ್ಲ.

ಈಗ ನನ್ನ ತೂಕ 65 ಕಿಲೋ, ಸೊಂಟ 87 ಸೆಂಟಿಮೀಟರ್. ಇನ್ನೂ ಆರೋಗ್ಯದ ಗೆರೆಯ ಒಳಗೆ ಬಂದಿಲ್ಲ, ಆದರೆ ಇಳಿದದ್ದು ಮರಳಿ ಏರಿಲ್ಲ, ಅದೇ ನನಗೆ ಮುಖ್ಯ. ವಾರಕ್ಕೆ ಅರ್ಧ ಕಿಲೋಗಿಂತ ವೇಗವಾಗಿ ಇಳಿಸುವ ಯಾವ ಭರವಸೆಯನ್ನೂ ನಂಬಬೇಡಿ. ನನ್ನದು ಅದಕ್ಕಿಂತ ಬಹಳ ನಿಧಾನ. ಎಲ್ಲ ಶ್ರೇಯಸ್ಸನ್ನೂ ಊಟಕ್ಕೇ ಕೊಡುವುದು ನ್ಯಾಯವಲ್ಲ. ಸಂಜೆ ಕೆಲಗೇರಿ ಕೆರೆಯ ದಂಡೆಯಲ್ಲಿ ನಡೆಯುತ್ತೇನೆ, ರಾತ್ರಿ ಬೇಗ ಮಲಗುತ್ತೇನೆ. ಆದರೂ ನಡಿಗೆಯಿಂದ ಮಾತ್ರ ಇದು ಆಗುತ್ತಿರಲಿಲ್ಲ. ನನ್ನ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೂ ಖರ್ಚಾಗುವುದು ಒಂದೂವರೆ ರೊಟ್ಟಿಯಷ್ಟು. ಒಂದು ಪ್ಲೇಟ್ ಮಿರ್ಚಿ ಭಜಿ ಅದನ್ನು ಐದು ನಿಮಿಷದಲ್ಲಿ ವಾಪಸ್ಸು ತಂದುಬಿಡುತ್ತದೆ. ನಡಿಗೆ ಹೃದಯಕ್ಕೆ, ಮನಸ್ಸಿಗೆ, ಇಳಿದ ತೂಕ ಉಳಿಯುವುದಕ್ಕೆ ಬೇಕೇ ಬೇಕು. ಇಳಿಯುವುದು ಮಾತ್ರ ಬಹುಪಾಲು ತಾಟಿನಲ್ಲೇ ತೀರ್ಮಾನವಾಗುತ್ತದೆ.

ಉಳಿದ ಕೊರತೆಗಳನ್ನು ಬೇಗ ಹೇಳಿಬಿಡುತ್ತೇನೆ. ಮಧ್ಯಾಹ್ನ ಒಂದೂವರೆಗೆ ಹೋದರೆ ಬಾಗಿಲಲ್ಲಿ ಕಾಯಬೇಕು. ಫ್ಯಾನು ಎರಡೇ, ಏಪ್ರಿಲ್‌ನಲ್ಲಿ ಬೆವರು ಸುರಿಯುತ್ತದೆ. ಎಲ್ಲರೂ ಹಿಂದೆ ಕಾಯುತ್ತಿರುವಾಗ ನಿಧಾನವಾಗಿ ಅಗಿದು ಉಣ್ಣುವುದು ಸಂಕೋಚ, ಅದಕ್ಕೇ ಗದ್ದಲದ ಹೊತ್ತು ತಪ್ಪಿಸಿ. ಪಾರ್ಸೆಲ್ ಕೊಡುತ್ತಾರೆ, ಆದರೆ ಬಿಸಿ ರೊಟ್ಟಿಯ ಬದಲು ಕಟಿ ರೊಟ್ಟಿ. ತೆಳ್ಳಗೆ ಒಣಗಿಸಿದ ಆ ರೊಟ್ಟಿಯನ್ನು ಮುರಿಮುರಿದು ತಿನ್ನುತ್ತಾ ಹೋದರೆ ಲೆಕ್ಕ ತಪ್ಪುತ್ತದೆ. ಹುಣ್ಣಿಮೆ, ಅಮಾವಾಸ್ಯೆ, ಹಬ್ಬದ ದಿನ ಹೋಳಿಗೆ ಅಥವಾ ಗೋಧಿ ಹುಗ್ಗಿ ಇರುತ್ತದೆ, ತುಪ್ಪ ಸುರಿದು ಕೊಡುತ್ತಾರೆ. ಆ ದಿನ ನಾನು ಒಂದು ಹೋಳಿಗೆ ಉಂಡು ಒಂದು ರೊಟ್ಟಿ ಬಿಡುತ್ತೇನೆ. ಹಬ್ಬದ ಊಟ ಬಿಟ್ಟು ತೂಕ ಇಳಿಸಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ವರ್ಷದ ಆ ಕೆಲವು ಹೋಳಿಗೆಗಳು ಯಾರ ಸೊಂಟವನ್ನೂ ಕೆಡಿಸಿಲ್ಲ. ಕೆಡಿಸಿದ್ದು ದಿನದಿನದ ಎಣ್ಣೆ, ಸಕ್ಕರೆ, ಎಣಿಸದ ಅನ್ನ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಧಾನ್ಯದ ಪ್ರಮಾಣ ಒಮ್ಮೆಲೇ ಇಳಿಸುವ ಮೊದಲು ವೈದ್ಯರನ್ನು ಕೇಳಿ, ಸಕ್ಕರೆ ತೀರಾ ಕೆಳಗೆ ಹೋಗಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಕಾಳು, ಸೊಪ್ಪಿನ ಲೆಕ್ಕ ಬೇರೆ. ಅಕ್ಕಿಯಿಂದ ಜೋಳಕ್ಕೆ ಹೊಸದಾಗಿ ಬರುವವರು ಮೊದಲ ವಾರ ಒಂದೇ ರೊಟ್ಟಿಯಿಂದ ಶುರುಮಾಡಿ, ನೀರು ಮಜ್ಜಿಗೆ ಹೆಚ್ಚು ಕುಡಿಯಿರಿ. ನಾರು ಒಮ್ಮೆಲೇ ಏರಿದರೆ ಹೊಟ್ಟೆ ಉಬ್ಬರಿಸುತ್ತದೆ.

ಮಧ್ಯಾಹ್ನ 12.30ರಿಂದ 3.30, ರಾತ್ರಿ 7.30ರಿಂದ 10. ಭಾನುವಾರ ರಾತ್ರಿ ಇಲ್ಲ. ಪುಂಡಿಪಲ್ಯ ಸಾಮಾನ್ಯವಾಗಿ ಗುರುವಾರ, ಅದಕ್ಕೆ ಜೋಳದ ನುಚ್ಚು ಹಾಕಿ ಮಾಡುತ್ತಾರೆ, ಎಣ್ಣೆಯೂ ಕಡಿಮೆ, ಇಡೀ ವಾರದ ಅಡುಗೆಯಲ್ಲಿ ನನಗೆ ಅತಿ ಇಷ್ಟವಾದದ್ದು. ಜನವರಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬರುತ್ತದೆ. ಅದು ಜೋಳದ ರೊಟ್ಟಿಗಿಂತ ದಪ್ಪ, ಒಂದಕ್ಕೆ ನಿಲ್ಲಿಸಿ. ತಿಂಗಳ ಕಾರ್ಡು ಒಂದು ಹೊತ್ತಿಗೆ 2,400 ರೂಪಾಯಿ, ಮೊದಲ ತಾರೀಖಿಗೇ ಕೊಡಬೇಕು. ಕಾರ್ಡು ಮಾಡಿಸುವಾಗಲೇ "ಅನ್ನ ಬ್ಯಾಡ, ಒಗ್ಗರಣಿ ಇಲ್ಲದ ಪಲ್ಯ" ಎಂದು ಹೇಳಿ ಬರೆಸಿಬಿಡಿ, ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಪಕ್ಕ ಅವ್ವಾರು ಗುರುತು ಹಾಕಿಕೊಳ್ಳುತ್ತಾರೆ.